ಬೆಲ್ಲದ ಗೋದಾಮಿನ ಮೇಲೊಂದು ಚಿಪ್ ಆಫೀಸು

ಚಿಪ್ ವಿನ್ಯಾಸದ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಆಗಾಗ ನನ್ನನ್ನು ಹುಡುಕಿಕೊಂಡು ಗೋಕಾಕಿನ ಮನೆಗೆ ಬರುತ್ತಾರೆ. 'ಮೇಡಂ, ನಿಮ್ಮ ಅನುಭವದಿಂದ ನಾವು ಮುಖ್ಯವಾಗಿ ಏನು ಕಲಿಯಬೇಕು?' ಎಂದು ಕೇಳುತ್ತಾರೆ. ನಾನು ಬೆಲ್ಲದಿಂದ ಶುರು ಮಾಡುತ್ತೇನೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಬೆಲ್ಲ ದಾಟಿ ಇರುವೆಗೆ ಬರುವಷ್ಟರಲ್ಲಿ ಅರ್ಧ ಮಂದಿ ಚಹಾ ಮುಗಿಸಿ ಎದ್ದಿರುತ್ತಾರೆ. ಉಳಿದ ಅರ್ಧ ಮಂದಿಗಾಗಿ, ಎದ್ದುಹೋದವರ ಕಿವಿಗೂ ಬಿದ್ದರೆ ಬೀಳಲಿ ಎಂದು, ಇದನ್ನು ಬರೆದಿಡುತ್ತಿದ್ದೇನೆ. ನನಗೆ ಬಂದ ಬಡ್ತಿ, ಹಾರ, ಶಾಲುಗಳ ವಿಷಯ ಇಲ್ಲಿಲ್ಲ. ಆ ಶಾಲುಗಳನ್ನು ನಮ್ಮ ಬಿಸಿಲಿನಲ್ಲಿ ಹೊದೆಯಲೂ ಆಗುವುದಿಲ್ಲ.

ಮೂಡಲಗಿಯಲ್ಲಿ ಚಿಪ್ ಆಫೀಸು ಹುಟ್ಟಿದ್ದಕ್ಕೆ ಕಾರಣ ಒಂದೇ: ಜಿನ್ನಪ್ಪ ಕಾಕಾನ ಬೆಲ್ಲದ ಗೋದಾಮಿನ ಮೇಲ್ಮಹಡಿ ಖಾಲಿ ಇತ್ತು. ಕಾಕಾ ಬೆಲ್ಲದ ವ್ಯಾಪಾರಿ, ಜೈನರು, ಮನೆಯಲ್ಲಿ ಮರಾಠಿ, ಪೇಟೆಯಲ್ಲಿ ಕನ್ನಡ. ಖಾಲಿ ಜಾಗವನ್ನು ಕಂಡರೆ ಅವರಿಗೆ ಹೊಟ್ಟೆ ಉರಿಯುತ್ತಿತ್ತು. ಅವರ ಅಂಗಳದಲ್ಲಿ ತುಳಸಿ ಕಟ್ಟೆಯಷ್ಟು ಜಾಗವಿದ್ದರೂ ಅಲ್ಲೊಂದು ಬೆಂಡೆ ಗಿಡ ಇರಲೇಬೇಕು. ಪುಣೆಯ ಒಂದು ಚಿಕ್ಕ ಚಿಪ್ ಕಂಪನಿಯವರು ನಕ್ಷೆ ಬಿಡಿಸುವ ಕೆಲಸವನ್ನು ಹೊರಗೆ ಕೊಡಲು ಜಾಗ ಹುಡುಕುತ್ತಿದ್ದಾರೆ ಎಂದು ಅಲ್ಲಿದ್ದ ಅವರ ಅಕ್ಕನ ಮಗ ಹೇಳಿದನಂತೆ. ಚಿಪ್ ಎಂದರೇನು ಎಂದು ಕಾಕಾ ಕೇಳಲಿಲ್ಲ. 'ಎಷ್ಟ ಮಂದಿ ಕುಂದ್ರತಾರ?' ಎಂದಷ್ಟೇ ಕೇಳಿ, ಜಾಗ ಕೊಟ್ಟು ಆಫೀಸಿನ ಉಸ್ತುವಾರಿಯನ್ನೂ ವಹಿಸಿಕೊಂಡರಂತೆ.

ನಾನು ಆಗ ಗೋಕಾಕಿನ ಒಂದು ಪಾಲಿಟೆಕ್ನಿಕ್‌ನಲ್ಲಿ ಹಂಗಾಮಿ ಪಾಠ ಮಾಡುತ್ತಿದ್ದೆ. ಎರಡು ಸಾವಿರದ ಇಸವಿಯ ಆಸುಪಾಸು. ಸಂದರ್ಶನಕ್ಕೆ ಹೋದಾಗ ಕಾಕಾ ತಕ್ಕಡಿಯ ಪಕ್ಕದಲ್ಲಿ ಕೂತಿದ್ದರು. ನಾನು ಕೊಟ್ಟ ಅಂಕಪಟ್ಟಿಗಳನ್ನು ತೆರೆಯದೆ ತಕ್ಕಡಿಯ ಮೇಲೆ ಇಟ್ಟರು. ಒಂದು ಕ್ಷಣ, ತೂಗುತ್ತಾರೇನೋ ಎಂದುಕೊಂಡೆ.

"ಯಾವೂರ ತಂಗಿ?"

"ಮೇಲವಂಕಿ ರೀ. ಮಾದೇವಿ ಅಂತ ಹೆಸರ್ರಿ."

"ಹೊಲ ಐತೇನು?"

"ಐತ್ರಿ."

"ರಂಟಿ ತಿರಗಲಾರದ ಮೂಲ್ಯಾಗ ನಿಮ್ಮಪ್ಪ ಏನ ಹಾಕತಾನ?"

"ಚವಳಿ ಹಾಕತಾರ್ರಿ. ಬದುವಿನ ಮ್ಯಾಲ ತೊಗರಿ."

"ನಾಳಿಂದ ಬಾ," ಎಂದರು ಕಾಕಾ.

ಇದೆಂಥ ಸಂದರ್ಶನ ಎಂದು ಬಸ್ಸಿನಲ್ಲಿ ನಗುತ್ತಾ ಬಂದೆ. ಕೆಲಸ ಶುರುವಾದ ಮೇಲೆ ನಗು ನಿಂತಿತು. ನನ್ನ ಮುಂದಿನ ಬದುಕೆಲ್ಲ ರಂಟೆ, ಅಂದರೆ ನೇಗಿಲು, ತಿರುಗಲಾರದ ಮೂಲೆಗಳನ್ನು ತುಂಬುವುದೇ ಆಗಿತ್ತು.

ಆ ಕೆಲಸವೇನೆಂದು ಸುಲಭವಾಗಿ ಹೇಳಿಬಿಡುತ್ತೇನೆ. ನಮ್ಮ ಕಡೆ ತ್ರೀ ಫೇಸ್ ಕರೆಂಟು ಬಂದೊಡನೆ ಸುತ್ತಲಿನ ಪಂಪುಸೆಟ್ಟುಗಳೆಲ್ಲ ಒಟ್ಟಿಗೆ ಎದ್ದು, ಮನೆಯ ಬಲ್ಬು ಕೆಂಪಗಾಗುತ್ತದಲ್ಲ, ಚಿಪ್ಪಿನೊಳಗೂ ಅದೇ ಆಗುತ್ತದೆ. ಲಕ್ಷಾಂತರ ಟ್ರಾನ್ಸಿಸ್ಟರುಗಳು ಒಮ್ಮೆಲೇ ಕರೆಂಟು ಎಳೆದರೆ ವೋಲ್ಟೇಜು ಕುಸಿದು ಲೆಕ್ಕ ತಪ್ಪುತ್ತದೆ. ಆದ್ದರಿಂದ ಪಕ್ಕಪಕ್ಕದಲ್ಲೇ ಕರೆಂಟು ತುಂಬಿಟ್ಟುಕೊಳ್ಳುವ ಪುಟ್ಟ ಕೆಪ್ಯಾಸಿಟರುಗಳನ್ನು ಇಡಬೇಕು. ಪ್ರತಿ ಮನೆಯ ಮುಂದೆ ನೀರು ತುಂಬಿದ ಹಂಡೆ ಇಟ್ಟ ಹಾಗೆ. ಇವಕ್ಕೆ ಡಿಕ್ಯಾಪ್ ಎನ್ನುತ್ತೇವೆ. ಚಿಪ್ಪಿನ ಮುಖ್ಯ ಭಾಗಗಳನ್ನು ಪುಣೆಯವರು ಜೋಡಿಸಿ ಕಳಿಸುತ್ತಿದ್ದರು. ನಡುನಡುವೆ ಉಳಿದ ಸಂದುಗೊಂದಿಗಳಲ್ಲಿ ಡಿಕ್ಯಾಪ್ ತುಂಬುವುದು ಮೂಡಲಗಿಯ ಪಾಲು.

ಊರಿಗೆ ಇದನ್ನು ತಿಳಿಸಿ ಹೇಳುವುದು ಸಾಧ್ಯವಿರಲಿಲ್ಲ. 'ಕೆಪ್ಯಾಸಿಟರ್ ಮಾಡುತ್ತಾರೆ' ಎಂಬ ಸುದ್ದಿ ಹಬ್ಬಿ, ಫ್ಯಾನು, ಪಂಪಿನ ಕೆಪ್ಯಾಸಿಟರಿಗೆ ಊರವರು ಕಂಡೆನ್ಸರ್ ಎನ್ನುವುದರಿಂದ ನಮ್ಮದು 'ಕಂಡೆನ್ಸರ್ ಆಫೀಸು' ಆಯಿತು. ಮೊದಲ ಬೇಸಿಗೆಯಲ್ಲಿಯೇ ಜನ ಫ್ಯಾನು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬರಲಾರಂಭಿಸಿದರು. ಯಮಕನಮರಡಿಯಿಂದ ಒಬ್ಬರು ಟೆಂಪೋದಲ್ಲಿ ಪಂಪುಸೆಟ್ಟನ್ನೇ ಹೇರಿಕೊಂಡು ಬಂದರು. ನಮ್ಮ ಕೆಪ್ಯಾಸಿಟರು ಕಣ್ಣಿಗೆ ಕಾಣದಷ್ಟು ಸಣ್ಣದು ಎಂದು ನಾನು ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ, "ಕಣ್ಣಿಗಿ ಕಾಣೂದ ಒಂದ ಹಾಕಿ ಕೊಡ್ರಿ ಬಾಯಾರ, ಕಬ್ಬ ಒಣಗಾಕತ್ತೇತಿ," ಎಂದರು. ನನ್ನ ಜೊತೆಗಾರ ಈರಣ್ಣ ಎದ್ದು ಹೋಗಿ ಪೇಟೆಯಿಂದ ಒಂದನ್ನು ತಂದು ಹಾಕಿಕೊಟ್ಟ. ಈರಣ್ಣ ಘೋಡಗೇರಿಯ ಒಕ್ಕಲು ಮನೆಯ ಹುಡುಗ, ಡಿಪ್ಲೊಮಾ ಮುಗಿಸಿ ನನ್ನೊಂದಿಗೇ ಸೇರಿದವನು. ಅಂದಿನಿಂದ ಬುಧವಾರ ಮಧ್ಯಾಹ್ನ ನಾವು ಕಣ್ಣಿಗೆ ಕಾಣುವ ಕೆಪ್ಯಾಸಿಟರುಗಳನ್ನೂ ನೋಡತೊಡಗಿದೆವು. ಪುಣೆಗೆ ಹೇಳಲಿಲ್ಲ.

ಆಫೀಸಿನ ದೊಡ್ಡ ತೊಂದರೆ ಇರುವೆ. ಕೆಳಗೆ ಗೋದಾಮಿನ ತುಂಬ ಬೆಲ್ಲದ ಪೆಂಟಿಗಳು, ಅಂದರೆ ದೊಡ್ಡ ಅಚ್ಚುಗಳು, ಮೇಲೆ ಬೆಚ್ಚಗಿನ ಕಂಪ್ಯೂಟರುಗಳು. ಇರುವೆಗಳು ಕೆಳಗೆ ಉಂಡು ಮೇಲೆ ಬಂದು ಮಲಗುತ್ತಿದ್ದವು. ಕೀಬೋರ್ಡಿನ ಗುಂಡಿ ಒತ್ತಿದರೆ ಏಳುತ್ತಿರಲಿಲ್ಲ, ಯುಪಿಎಸ್ ತೆರೆದರೆ ಒಳಗೆ ಸಂಸಾರವೇ. ಔಷಧಿ ಹೊಡೆಯೋಣ ಎಂದಾಗ ಕಾಕಾನ ಮುಖ ಬಿಳಿಚಿತು.

"ಜೀವ ತಗಿಯೂ ಮಾತ ಈ ಮಾಳಗಿ ಮ್ಯಾಲ ಆಡಬ್ಯಾಡ್ರಿ. ಅವು ಬಂದ ದಾರೀಲೇ ಹೋಗ್ತಾವ, ಸ್ವಲ್ಪ ತಡೀರಿ."

ಹೋಗುತ್ತಿದ್ದುದು ಹೀಗೆ. ಯಂತ್ರಗಳನ್ನೆಲ್ಲ ಬಂದ್ ಮಾಡಿ, ಒಂದು ಬೆಲ್ಲದ ಚೂರನ್ನು ಯುಪಿಎಸ್ ಬಾಯಿಗೆ ಇಟ್ಟು, ಮತ್ತೊಂದನ್ನು ಬಾಗಿಲಿಗೆ, ಇನ್ನೊಂದನ್ನು ಮೆಟ್ಟಿಲಿಗೆ ಇಟ್ಟು, ನಾವು ಕುರ್ಚಿಯ ಮೇಲೆ ಕಾಲು ಮಡಚಿ ಕೂರಬೇಕು. ಕಾಕಾ ಬಾಗಿಲಲ್ಲಿ ನಿಂತು ಮದುವೆ ದಿಬ್ಬಣ ಬೀಳ್ಕೊಡುವವರಂತೆ ಅವುಗಳನ್ನು ಕಳಿಸಿಕೊಡುತ್ತಿದ್ದರು. ಪುಣೆಯಿಂದ ಫೋನು ಬಂದರೆ ನಾನು, 'ಸರ್, ಸಿಸ್ಟಮ್ ಮೇಂಟೆನೆನ್ಸ್ ನಡೆದಿದೆ' ಎನ್ನುತ್ತಿದ್ದೆ.

ಎರಡನೆಯ ತೊಂದರೆ ಸೂರ್ಯ. ಕಾಕಾ ಹೊತ್ತು ಮುಳುಗುವ ಮುಂಚೆ ಊಟ ಮುಗಿಸುವವರು. ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಇಲ್ಲ. ಅದು ಅವರ ಧರ್ಮ, ನಮ್ಮ ತಕರಾರಿಲ್ಲ. ಆದರೆ ಆಫೀಸೂ ಅದೇ ಹೊತ್ತಿಗೆ ಮುಚ್ಚಬೇಕು. ಪುಣೆಯವರು ಚುರುಕಾಗುತ್ತಿದ್ದುದೇ ಸಂಜೆಯ ನಂತರ. ಕೇಳಿದರೆ ಕಾಕಾ, "ದೀಪಕ್ಕ ಹುಳ ಬಂದ ಬಿದ್ದ ಸಾಯ್ತಾವ. ನಿಮ್ಮ ಚಿಪ್ಪಿಗಿ ನಾಳೆ ಅನ್ನೂದ ಐತಿ, ಹುಳಕ್ಕಿಲ್ಲ," ಎಂದು ಮೇನ್ ಸ್ವಿಚ್ಚು ಕೆಳಗೆಳೆಯುತ್ತಿದ್ದರು. ಜಗತ್ತಿನಲ್ಲಿ ಕೋಳಿಗಳೊಂದಿಗೆ ಗೂಡು ಸೇರುತ್ತಿದ್ದ ಚಿಪ್ ಆಫೀಸು ನಮ್ಮದೊಂದೇ ಇರಬೇಕು.

ಇಷ್ಟಿದ್ದೂ ನಮ್ಮ ಕೆಲಸಕ್ಕೆ ಹೆಸರು ಬಂತು. ಅದಕ್ಕೆ ಕಾರಣವೂ ಕಾಕಾನೇ. ಮಧ್ಯಾಹ್ನದ ನಿದ್ದೆ ಮುಗಿಸಿ ಮೇಲೆ ಬಂದು ನಮ್ಮ ಬೆನ್ನ ಹಿಂದೆ ನಿಲ್ಲುತ್ತಿದ್ದರು. ಪರದೆಯ ಮೇಲೆ ಎಲ್ಲಿ ಕಪ್ಪು ಜಾಗ ಕಂಡರೂ ಬೆರಳು ಊರಿ, "ಇದ ಯಾರ ಹೊಲ? ಯಾಕ ಬೀಳ ಬಿಟ್ಟೀರಿ?" ಎನ್ನುತ್ತಿದ್ದರು. ಮೊದಮೊದಲು ಕೈಯಿಂದ ಒಂದೊಂದೇ ಡಿಕ್ಯಾಪ್ ಇಡುತ್ತಿದ್ದೆವು. ಆಮೇಲೆ ಈರಣ್ಣ ಸಾಲುಸಾಲಾಗಿ ಬಿತ್ತಿಕೊಂಡು ಹೋಗುವ ಒಂದು ಪ್ರೋಗ್ರಾಮ್ ಬರೆದ. ಅದಕ್ಕೆ 'ಕೂರಿಗೆ' ಎಂದು ಹೆಸರಿಟ್ಟ. ಕೂರಿಗೆ ಹೊಡೆದ ಮೇಲೆ ಚಿಪ್ಪಿನಲ್ಲಿ ಸಾಸಿವೆ ಕಾಳಿನಷ್ಟು ಜಾಗ ಉಳಿಯುತ್ತಿರಲಿಲ್ಲ. ನಮ್ಮ ಚಿಪ್ಪುಗಳಲ್ಲಿ ವೋಲ್ಟೇಜು ಅಲುಗಾಡುತ್ತಿರಲಿಲ್ಲ. ವೈದ್ಯ ಎಂಬ ಅಡ್ಡಹೆಸರಿನ ಪುಣೆಯ ಮುಖ್ಯಸ್ಥರು, ವೈದ್ಯ ಸರ್, ಮೆಚ್ಚಿ, 'ಮೂಡಲಗಿಯವರಷ್ಟು ಗಟ್ಟಿಯಾಗಿ ಯಾರೂ ತುಂಬುವುದಿಲ್ಲ' ಎಂದು ತಮ್ಮ ಮೀಟಿಂಗಿನಲ್ಲಿ ಹೇಳಿದರಂತೆ. ಮುಗಿದ ನಕ್ಷೆಯನ್ನು ಸಿಡಿಯಲ್ಲಿ ಹಾಕಿ, ಪೆಟ್ಟು ಬೀಳದಿರಲೆಂದು ಕರದಂಟಿನ ಡಬ್ಬಿಯಲ್ಲಿಟ್ಟು ಪುಣೆಯ ಬಸ್ಸಿಗೆ ಕೊಡುತ್ತಿದ್ದೆವು. ಡಬ್ಬಿ ತೆರೆದು ಸಿಡಿ ಮಾತ್ರ ಕಂಡಾಗ ಅಲ್ಲಿ ಎಲ್ಲರ ಮುಖ ಸಪ್ಪಗಾಗುತ್ತಿತ್ತಂತೆ.

ಆಮೇಲೆ ಹೊಸ ತಂತ್ರ ಬಂತು. ಚಿಪ್ಪುಗಳು ಇನ್ನೂ ಸಣ್ಣವಾದವು, ಕೆಪ್ಯಾಸಿಟರಿನ ನಡುವಿನ ಪದರ ಈರುಳ್ಳಿ ಸಿಪ್ಪೆಗಿಂತ ತೆಳ್ಳಗಾಯಿತು. ಬಂದ ಕೆಲಸ, ಜೇಬಿನಲ್ಲಿಟ್ಟು ಹಾಡು ಕೇಳುವ ಒಂದು ಪುಟ್ಟ ಯಂತ್ರದ ಚಿಪ್. ಪುಣೆಯವರು ಎಂದಿನಂತೆ ವೋಲ್ಟೇಜು ಇಷ್ಟಕ್ಕಿಂತ ಕುಸಿಯಬಾರದು ಎಂದು ಬರೆದು ಕಳಿಸಿದರು. ನಾವು ಎಂದಿನಂತೆ ಕೂರಿಗೆ ಹೊಡೆದೆವು. ಒಂದು ಮೂಲೆಯಲ್ಲಿ ಅವರು ಏತಕ್ಕೋ ಬಿಟ್ಟಿದ್ದ ಖಾಲಿ ಪಟ್ಟಿಯೂ ಕಾಕಾನ ಕಣ್ಣಿಗೆ ಬಿತ್ತು. ಅದಕ್ಕೂ ಬಿತ್ತಿದೆವು.

ಮಾದರಿ ಚಿಪ್ಪುಗಳು ಬಂದವು. ಹಾಡು ಗಂಟೆ ಬಾರಿಸಿದ ಹಾಗೆ ಸ್ವಚ್ಛ. ಆದರೆ ಯಂತ್ರವನ್ನು ಬಂದ್ ಮಾಡಿ ಇಟ್ಟರೂ, ಸಂಜೆ ತುಂಬಿದ ಬ್ಯಾಟರಿ ಬೆಳಗ್ಗೆ ಸತ್ತಿರುತ್ತಿತ್ತು. ಹಾಡದೆಯೇ ಸಾಯುವ ಹಾಡಿನ ಯಂತ್ರವನ್ನು ಯಾರು ಕೊಳ್ಳುತ್ತಾರೆ?

ವೈದ್ಯ ಸರ್ ಮರುದಿನವೇ ಬಂದಿಳಿದರು. ನಿಪ್ಪಾಣಿಯಲ್ಲಿ ಬೆಳೆದವರು, ಕನ್ನಡ ಚೆನ್ನಾಗಿ ಬರುತ್ತಿತ್ತು. ಬೈಯಲೂ ಅದನ್ನೇ ಬಳಸಿದರು.

"ಕಾಕಾ, ಖರೆ ಹೇಳ್ತೇನ್ರಿ. ಪದರ ತೆಳ್ಳಗಾಗೇತಿ, ನಿಮ್ಮ ಹಂಡೇವು ಎಲ್ಲಾ ಸೋರಾಕತ್ತಾವು. ಒಂದೊಂದ ಹನಿ. ಆದ್ರ ಊರ ತುಂಬ ಹಂಡೆ ಇಟ್ರ ಕೆರೀನ ಖಾಲಿ ಆಗ್ತೈತಿ. ಅರ್ಧಾ ಕಿತ್ತ ಹಾಕ್ರಿ."

"ಬೆಳದದ್ದ ಕಿತ್ತ ಹೊಲ ಬೀಳ ಬಿಡಾಕ ನಾ ಒಪ್ಪೂದಿಲ್ಲ," ಎಂದರು ಕಾಕಾ.

"ಅರ್ಧಾ ಕಿತ್ರ ಹಾಡು ಗೊರಗೊರ ಅಂತೈತ್ರಿ ಸರ್," ಎಂದ ಈರಣ್ಣ.

ವೈದ್ಯ ಸರ್ ಹಣೆ ಒತ್ತಿಕೊಂಡರು. ಗಿರಾಕಿ ಒಂದೇ ಒಂದು ಅವಕಾಶ ಕೊಟ್ಟಿದ್ದರು. ಅದೂ ಚಿಪ್ಪಿನ ಕೆಳಪದರ ಮುಟ್ಟುವಂತಿಲ್ಲ. ಅಂದರೆ ಮನೆಯ ಪಾಯ, ಗೋಡೆ ಹಾಗೇ ಇರಬೇಕು, ಬೇಕಾದರೆ ವೈರಿಂಗ್ ಮಾತ್ರ ಬದಲಿಸಬಹುದು. ಅದೂ ಕೆಟ್ಟರೆ ಪುಣೆಯ ಮಾಲೀಕರು ಮೂಡಲಗಿ ಆಫೀಸು ಮುಚ್ಚುತ್ತಾರೆ ಎಂದು ಸರ್ ತಲೆ ತಗ್ಗಿಸಿ ಹೇಳಿದರು. ನನ್ನ ಗಂಡನ ಮನೆ, ಅತ್ತೆ, ಮಗಳ ಸಾಲೆ ಎಲ್ಲವೂ ಗೋಕಾಕಿನಲ್ಲಿ. ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿ ಚಿಪ್ಪಿನ ಕೆಲಸ ಮತ್ತೆಲ್ಲಿ ಸಿಗಬೇಕು? ಆ ಕೆಲಸ ನನಗೆ ಪ್ರಾಣವಾಗಿತ್ತು, ಮುಚ್ಚುಮರೆ ಏಕೆ.

ಅಷ್ಟರಲ್ಲಿ ಕಾಕಾನ ಊಟದ ಹೊತ್ತಾಯಿತು. ಹೊರಗೆ ಬಿಸಿಲು ಹಳದಿಯಾಗಿತ್ತು. ಅವರು ಎದ್ದವರು ಬಾಗಿಲಲ್ಲಿ ನಿಂತರು.

"ವೈದ್ಯರ, ಒಂದ ಮಾತ ಕೇಳಲೇನು? ಮಷೀನ ಮಲಕೊಂಡಾಗ ಈ ಹಂಡೆಗೋಳಿಗಿ ಏನ ಕೆಲಸ?"

"ಏನೂ ಇಲ್ರಿ."

"ಮತ್ತ ಊಟಾ ಯಾಕ ಹಾಕತೀರಿ? ಹೊತ್ತ ಮುಳಗಿದ ಮ್ಯಾಲ ನಾ ಉಣ್ಣೂದಿಲ್ಲ. ಸತ್ತೇನೇನು?"

ಇಷ್ಟು ಹೇಳಿ ಊಟಕ್ಕೆ ಹೋದರು. ವೈದ್ಯ ಸರ್ ಚಹಾದ ಲೋಟವನ್ನು ಅರ್ಧಕ್ಕೆ ಎತ್ತಿದವರು ಹಾಗೇ ಹಿಡಿದು ಕೂತರು. ಆಮೇಲೆ ನಕ್ಕರು. ಮಲಗಿದಾಗ ಡಿಕ್ಯಾಪುಗಳನ್ನು ಸ್ವಿಚ್ಚಿನಿಂದ ಕಡಿದುಹಾಕುವ ಉಪಾಯ ಅವರಿಗೆ ಹೊಸದೇನಲ್ಲ, ಓದಿ ಬಲ್ಲವರೇ. 'ಆದರೆ ಸ್ವಿಚ್ಚಿಗೆ ಜಾಗ ಬೇಕಲ್ಲ, ನೀವು ಉಗುರು ಊರಲೂ ಬಿಟ್ಟಿಲ್ಲ' ಎಂದರು. ಮುಂದಿನ ಮಾತನ್ನು ಮೊದಲು ಯಾರು ಆಡಿದರು ಎಂಬ ಬಗ್ಗೆ ನನಗೂ ಈರಣ್ಣನಿಗೂ ಇಂದಿಗೂ ಜಗಳವಿದೆ, ವೈದ್ಯ ಸರ್ ತಾವೇ ಎನ್ನುತ್ತಾರೆ. ನಮ್ಮ ಡಿಕ್ಯಾಪ್ ಎಂದರೆ ಟ್ರಾನ್ಸಿಸ್ಟರೇ, ಕಾಲು ಕಟ್ಟಿ ಕೂಡಿಸಿದ ಟ್ರಾನ್ಸಿಸ್ಟರು. ಅವುಗಳಲ್ಲಿ ಕೆಲವುಗಳ ವೈರಿಂಗ್ ಬದಲಿಸಿದರೆ ಅವೇ ಸ್ವಿಚ್ಚಾಗುತ್ತವೆ. ಉಳಿದವರ ಊಟದ ಬಾಗಿಲು ಕಾಯಲು ಅವರಲ್ಲೇ ಕೆಲವರನ್ನು ನಿಲ್ಲಿಸಿದ ಹಾಗೆ. ಕಾಕಾನ ಹಟದಿಂದ ಬಿತ್ತಿದ ಆ ಖಾಲಿ ಪಟ್ಟಿಯೇ ನಮಗೆ ಬೇಕಾದಷ್ಟು ಕಾವಲುಗಾರರನ್ನು ಕೊಟ್ಟಿತು.

ಮಾಡಲು ಹೊರಟಾಗ ಇನ್ನೊಂದು ಪೇಚು. ಯಂತ್ರ ಎದ್ದೊಡನೆ ಉಪವಾಸವಿದ್ದ ಹಂಡೆಗಳೆಲ್ಲ ಒಮ್ಮೆಲೇ ಊಟಕ್ಕೆ ಕೂತರೆ ವೋಲ್ಟೇಜು ಮತ್ತೆ ಪಾತಾಳಕ್ಕೆ. ಈರಣ್ಣ ಅವುಗಳನ್ನು ಪಂಕ್ತಿ ಮಾಡಿದ. ಒಂದು ಪಂಕ್ತಿ ಎದ್ದ ಮೇಲೆ ಇನ್ನೊಂದು. ಹೀಗೆ ನಮ್ಮ ಚಿಪ್ಪು ಹೊತ್ತು ಮುಳುಗಿದ ಮೇಲೆ ಉಣ್ಣದ, ಬೆಳಗ್ಗೆ ಸಾಲಾಗಿ ಕೂತು ಉಣ್ಣುವ ಚಿಪ್ಪಾಯಿತು. ಕರದಂಟಿನ ಡಬ್ಬಿಯಲ್ಲಿ ಕೂತು ಪುಣೆಗೆ ಹೋಯಿತು. ಈ ಸಲ ಸಿಡಿಯ ಕೆಳಗೆ ಕರದಂಟೂ ಇಟ್ಟೆವು.

ಚಿಪ್ಪು ತಯಾರಾಗಿ ಬರಲು ತಿಂಗಳುಗಳೇ ಬೇಕು. ಡಬ್ಬಿ ಬಸ್ಸು ಹತ್ತಿದ ದಿನ ಕಾಕಾ ನಮ್ಮನ್ನು ಕರೆದು, "ಇದ ಸುದ್ದ ಆಗಿ ಬರೂತನಕ ನಾ ಸಿಹಿ ಬಿಟ್ಟೇನಿ. ಬೆಲ್ಲ ನಾಲಿಗಿಗಿ ಮುಟ್ಟಸೂದಿಲ್ಲ," ಎಂದರು.

ನಮಗೆ ಗಾಬರಿಯಾಯಿತು. ಬೆಲ್ಲದ ವ್ಯಾಪಾರಿ ಬೆಲ್ಲ ಬಿಡುವುದೆಂದರೇನು? ಹರಾಜಿನಲ್ಲಿ ಪೆಂಟಿಯ ಮೂಲೆ ಮುರಿದು ನಾಲಿಗೆಗಿಟ್ಟು, ಕಣ್ಣು ಮುಚ್ಚಿ, ಇದು ಯಾವ ಕಡೆಯ ಹೊಲದ ಕಬ್ಬೆಂದು ಹೇಳುವ ಕಾಕಾ ಅವರು.

"ವ್ಯಾಪಾರ ಹೆಂಗ್ರಿ ಕಾಕಾ?" ಎಂದೆ.

"ನನ್ನ ನಾಲಿಗಿ ಬಂದಾಗೇತಿ. ನಿಮಗ ನಾಲಿಗಿಲ್ಲೇನು? ನಾಳಿಂದ ಸವಾಲಿಗಿ ನೀವ ಬರ್ರಿ."

ಅಂದಿನಿಂದ ಬೆಳಗ್ಗೆ ನಾನೂ ಈರಣ್ಣನೂ ಹರಾಜಿನ ಕಟ್ಟೆಯಲ್ಲಿ ನಿಂತು ಬೆಲ್ಲ ನೆಕ್ಕಿದೆವು. ಕಾಕಾ ಹಿಂದೆ ಕೈಕಟ್ಟಿ ನಿಲ್ಲುತ್ತಿದ್ದರು. ಮೂರು ಪೆಂಟಿಯ ರುಚಿ ನೋಡುವಷ್ಟರಲ್ಲಿ ನಮ್ಮ ನಾಲಿಗೆ ಜಡವಾಗಿ, ಎಲ್ಲವೂ ಬೆಲ್ಲದ ಹಾಗೆಯೇ ಇರುತ್ತಿತ್ತು. ಆದ್ದರಿಂದ ಬಣ್ಣ ನೋಡಿ ಆರಿಸತೊಡಗಿದೆವು. ಯಾವುದು ಬಂಗಾರದ ಹಾಗೆ ಹೊಳೆಯುತ್ತದೋ ಅದು. ಮಾರುವವರು ದೂರದಿಂದಲೇ, "ಇಂಜಿನಿಯರ್ ಬಂದ್ರು, ದಾರಿ ಬಿಡ್ರಿ," ಎಂದು ಕೂಗಿ ನಮ್ಮನ್ನು ಗೌರವಿಸುತ್ತಿದ್ದರು. ನಮಗೂ ಸ್ವಲ್ಪ ತಲೆಗೇರಿತು. ಕಾಕಾ ಒಮ್ಮೆಯೂ ಬೇಡ ಎನ್ನಲಿಲ್ಲ. ನಾವು ಬೊಟ್ಟು ಮಾಡಿದ್ದನ್ನೆಲ್ಲ ಕೊಂಡರು, ಗೋದಾಮು ತುಂಬಿಸಿದರು.

ಅದೇ ದಿನಗಳಲ್ಲಿ ಆಫೀಸಿನ ಇರುವೆಗಳು ಕಾಣೆಯಾದವು. ಈರಣ್ಣ ಯುಪಿಎಸ್ ಸುತ್ತ ಅರಿಶಿನದ ಗೆರೆ ಎಳೆದಿದ್ದ, ಅದರ ಫಲ ಎಂದು ಎದೆಯುಬ್ಬಿಸಿದ. ಕಾಕಾ ಮೇಲೆ ಬಂದು ಖಾಲಿ ಗೋಡೆಯನ್ನು ಬಹಳ ಹೊತ್ತು ನೋಡಿದರು. "ಚಲೋ ಆತು. ನಿಮ್ಮ ಕೆಲಸಕ್ಕ ಅಡ್ಡಿಲ್ಲ," ಎಂದು ಇಳಿದು ಹೋದರು.

ಒಂದು ಸಂಜೆ ನಾವು ಬೀಗ ಹಾಕುತ್ತಿದ್ದಾಗ ಫೋನು ಬಂತು. ವೈದ್ಯ ಸರ್. ಹಲೋ ಎನ್ನುವ ಮೊದಲೇ, "ಮಾದೇವಿಯವರ, ಬ್ಯಾಟರಿ ಹಂಗ ಐತ್ರಿ! ತುಂಬಿದ್ದ ತುಂಬಿದಂಗ ಐತಿ! ಹಾಡೂ ಸ್ವಚ್ಛ ಐತಿ!" ಎಂದು ಕಿರುಚಿದರು. ನನಗೆ ಅಳು ಬಂತು. ಈರಣ್ಣ ಗೋದಾಮಿಗೆ ಓಡಿ ಒಂದು ಪೆಂಟಿಯ ಮೂಲೆ ಮುರಿದು ತಂದ. ಇಬ್ಬರೂ ಕಾಕಾನ ಮನೆಗೆ ಓಡಿ ಬೆಲ್ಲ ಮುಂದೆ ಹಿಡಿದು ಸುದ್ದಿ ಹೇಳಿದೆವು. ಕಾಕಾ ಕೈಮುಗಿದರು, ಕಣ್ಣು ಒರೆಸಿಕೊಂಡರು, ಕೈ ಚಾಚಿದರು, ಚಾಚಿದ ಕೈ ಹಾಗೇ ಹಿಂದೆ ತೆಗೆದುಕೊಂಡು ಆಕಾಶ ನೋಡಿದರು.

"ಹೊತ್ತ ಮುಳಗೇತಿ," ಎಂದರು.

ಬೆಳಗ್ಗೆ ಬಿಸಿಲೇರಿದ ಮೇಲೆ ಮತ್ತೆ ಹೋದೆವು. ಕಾಕಾ ಸ್ನಾನ ಮಾಡಿ, ಬಸದಿಗೆ ಹೋಗಿ ಬಂದು, ಮಣೆಯ ಮೇಲೆ ಕೂತಿದ್ದರು. ಅದೇ ಬೆಲ್ಲದ ತುಂಡನ್ನು ಕೊಟ್ಟೆ. ಬಾಯಿಗಿಟ್ಟು ಕಣ್ಣು ಮುಚ್ಚಿದರು. ಹೊಗಳುತ್ತಾರೆಂದು ನಾವು ಕಾದೆವು.

"ಹೈಡ್ರೋಸ್," ಎಂದರು. ಬೆಲ್ಲ ಬೆಳ್ಳಗಾಗಲು ಕುದಿಯುವಾಗ ಹಾಕುವ ಪುಡಿ ಅದು. "ಹಿಡೀಲೇ ಸುರದಾರ. ಬಂಗಾರ ಬಣ್ಣ ಬಂದೇತಿ. ಗೋದಾಮಿನಾಗ ಇದ್ದದ್ದೆಲ್ಲಾ ಇದ ಐತಿ. ಇದನ್ನ ಮಂದೀಗಿ ಮಾರಾಕ ಆಗೂದಿಲ್ಲ."

ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಈರಣ್ಣ, "ಕಾಕಾ, ಈಗರ ತಿಳೀತಲ್ರಿ, ಇನ್ನ ಮುಂದ..." ಎಂದು ತೊದಲಿದ.

"ಈಗಲ್ಲೋ ತಮ್ಮಾ. ಇರುವಿ ಮೆಟ್ಟಲ ಇಳದ ಹ್ವಾದ ದಿನಾನ ತಿಳದಿತ್ತು. ನನ್ನ ನಾಲಿಗಿ ಬಂದ ಇತ್ತು, ಇರುವೀದು ಇರಲಿಲ್ಲಲ್ಲ."

"ಮತ್ತ ಯಾಕ ಹೇಳಲಿಲ್ರಿ?" ಎಂದೆ.

"ಹೇಳಿದ್ರ ಏನ ಮಾಡ್ತಿದ್ದಿ? ಬೆಲ್ಲ ತಿಳೀಲಿಲ್ಲ, ಚಿಪ್ಪೂ ತಪ್ಪೇತೋ ಏನೋ ಅಂತ ಹಗಲೆಲ್ಲ ಕುಂತ ಅಳತಿದ್ದಿ. ಬಾಕಿ ಚಿಪ್ಪಿನ ಕೆಲಸಾನೂ ಕೆಡಸತಿದ್ದಿ. ಬೆಲ್ಲ ಮುಂದಿನ ಸುಗ್ಗಿಗಿ ಮತ್ತ ಬರ್ತೈತಿ, ತಂಗಿ."

ಹಾಗೆಂದು ಉಳಿದ ತುಂಡನ್ನೂ ಪೂರ್ತಿ ತಿಂದರು. ಎಲೆಯಲ್ಲಿ ಬಡಿಸಿದ್ದನ್ನು ಬಿಡುವ ಅಭ್ಯಾಸ ಅವರಿಗಿರಲಿಲ್ಲ. ಆ ಬೆಲ್ಲವನ್ನು ಯಾರಿಗೂ ಮಾರಲಿಲ್ಲ. ಖಾಲಿ ಜಾಗ ಕಂಡರೆ ಸಂಕಟಪಡುತ್ತಿದ್ದ ಮನುಷ್ಯ ವರ್ಷದ ಮಾಲನ್ನೆಲ್ಲ ಹೊರಗೆ ಹಾಕಿಸಿ, ಮುಂದಿನ ಸುಗ್ಗಿಯವರೆಗೆ ಗೋದಾಮನ್ನು ಬೀಳು ಬಿಟ್ಟರು. ನಾವು ಮೇಲೆ ಕೂತು ಆ ಖಾಲಿ ಗೋದಾಮಿನ ಸದ್ದು ಕೇಳುತ್ತಾ ಕೆಲಸ ಮಾಡಿದೆವು. ಒಳ್ಳೆಯ ಕೆಲಸ ಮಾಡಿದೆವು.

ಮುಂದಿನ ಸುಗ್ಗಿಗೆ ಕಾಕಾ ತಮ್ಮ ನಾಲಿಗೆಯನ್ನೇ ಹೊತ್ತು ಹರಾಜಿಗೆ ಹೋದರು. ಕಪ್ಪಗಿನ, ಕಣ್ಣಿಗೆ ಏನೂ ಚೆಂದವಿಲ್ಲದ ಪೆಂಟಿಗಳು ಬಂದು ಬಿದ್ದವು. ಕೆಲವು ದಿನಗಳಾಗಿರಬೇಕು, ಬೆಳಗ್ಗೆ ಕೂತು ಕೂರಿಗೆ ಹೊಡೆಯುತ್ತಿದ್ದೆ. ಕೀಬೋರ್ಡಿನ ಗುಂಡಿಗಳ ನಡುವಿನಿಂದ ಒಂದು ಇರುವೆ ಮೇಲೆ ಬಂದು ಮೀಸೆ ಆಡಿಸಿತು. ಅದರ ಹಿಂದೆ ಇನ್ನೊಂದು. ನಾನು ಎದ್ದು ಮೆಟ್ಟಿಲ ಬಾಯಿಗೆ ಓಡಿ, "ಕಾಕಾ, ಬಂದ್ವು ರೀ!" ಎಂದು ಕೂಗಿದೆ. ಕೆಳಗೆ ತಕ್ಕಡಿ ಸದ್ದು ನಿಂತಿತು. ಕಾಕಾ ನಗುವುದು ಕೇಳಿಸಿತು. ನಾನೂ ಈರಣ್ಣನೂ ಯಂತ್ರಗಳನ್ನು ಬಂದ್ ಮಾಡಿ, ಕುರ್ಚಿಯ ಮೇಲೆ ಕಾಲು ಮಡಚಿ ಕೂತೆವು.